ಉಡಿ ಒಡ್ಡಿದವಳ ಬಾಕಿ

ಮದುವೆಯಾಗಿ ಹರಿಹರಕ್ಕೆ ಬರುವವರೆಗೂ ಕೊಟ್ಟ ಸಾಲ ಕೇಳಲು ಬಂದವರ ಮುಖವನ್ನು ನಾನು ನೋಡಿರಲಿಲ್ಲ. ತವರಿನಲ್ಲಿ ಸಾಲ ಇರಲಿಲ್ಲವೆಂದಲ್ಲ. ಅಪ್ಪ ಅದನ್ನು ಪೇಟೆಯಲ್ಲೇ ಕೈ ಮುಗಿದೋ ಜಗಳವಾಡಿಯೋ ಮುಗಿಸಿಕೊಂಡು ಬರುತ್ತಿದ್ದರು, ಹೆಂಗಸರ ಕಿವಿಗೆ ಬೀಳಲು ಬಿಡುತ್ತಿರಲಿಲ್ಲ. ನನ್ನ ಪಾಲಿಗೆ ಬಂದ ಸಾಲ ಮಾತ್ರ ನೆಟ್ಟಗೆ ನನ್ನ ಹೊಸ್ತಿಲಿಗೇ ಬಂದು ನನ್ನನ್ನೇ ಕೇಳಿತು. ಅದೂ ನಾನು ಮಾಡದ ಸಾಲ, ನಾನು ಉಡದ ಸೀರೆಯ ಸಾಲ. ಈಗ ನೆನೆಸಿಕೊಂಡರೂ ಮೊದಲು ಮೈಯೆಲ್ಲ ಉರಿಯುತ್ತದೆ. ಆಮೇಲೆ ಅಕ್ಕನ ಮುಖ ಕಣ್ಣ ಮುಂದೆ ಬರುತ್ತದೆ, ಉರಿ ಇಳಿಯುತ್ತದೆ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನಮ್ಮ ಯಜಮಾನರು ಗುತ್ತೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದರು. ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ನಮ್ಮದೊಂದು ಬಾಡಿಗೆ ಮನೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತೆ ಯಜಮಾನರ ಸೈಕಲ್ಲು. ಸೈಕಲ್ಲನ್ನೂ ಮನೆಯವರ ಜೊತೆ ಎಣಿಸಿದೆನೆಂದು ನಗಬೇಡಿ; ರಾತ್ರಿ ಅದನ್ನು ಒಳಗೆ ತಂದು ನಿಲ್ಲಿಸಿದ ಮೇಲೆ ನಮಗೆ ಕಾಲು ಚಾಚಲು ಜಾಗ ಉಳಿಯುತ್ತಿದ್ದುದು ಅಷ್ಟಕ್ಕಷ್ಟೇ. ಮದುವೆಯಾಗಿ ಕೆಲವು ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಆದರೆ ನನ್ನನ್ನು ಕಂಡಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದರು.

ಪಕ್ಕದ ಮನೆಯ ಗೋಡೆ ನಮ್ಮ ಗೋಡೆ ಒಂದೇ. ಆ ಮನೆಯಲ್ಲಿದ್ದವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ರಕ್ತಸಂಬಂಧವೇನೂ ಇರಲಿಲ್ಲ. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು. ಕಾರ್ಖಾನೆಯ ಒಂಟಿ ಹುಡುಗರಿಗೆ ರೊಟ್ಟಿ, ಪಲ್ಯ, ಚಟ್ನಿಪುಡಿ ಮಾಡಿ ಕೊಟ್ಟು ಸಂಸಾರ ತೂಗಿಸುತ್ತಿದ್ದಳು. ನಸುಕಿನಲ್ಲಿ ಅವಳು ರೊಟ್ಟಿ ಬಡಿಯುವ ಸದ್ದಿಗೇ ನಮಗೆ ಎಚ್ಚರ. ಬಾಯಿ ಜೋರು, ನಗು ಜೋರು. ಹಿಟ್ಟಿನ ಗಿರಣಿಯವನು ತೂಕದಲ್ಲಿ ಮೋಸ ಮಾಡಿದರೆ ಓಣಿಯ ತುದಿಗೆ ಕೇಳುವಂತೆ ಜಾಡಿಸುತ್ತಿದ್ದಳು. ಇಂಥ ಹೆಂಗಸು, ಯಾರದಾದರೂ ಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹೊರಗೆ ಬಂತೆಂದರೆ, ಯಾರೂ ಏನೂ ಹೇಳುವ ಮೊದಲೇ ತಾನಾಗಿ ಹಿಂದೆ ಸರಿದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತ ಕೂತುಬಿಡುತ್ತಿದ್ದಳು. ಅದನ್ನು ನನಗೆ ಎಂದೂ ಸಹಿಸಲಾಗುತ್ತಿರಲಿಲ್ಲ, ಆದರೆ ಏನು ಮಾಡಬೇಕೆಂದೂ ತಿಳಿಯುತ್ತಿರಲಿಲ್ಲ.

ಅವಳ ಮಗಳಿಗೆ ನಂದಿಗುಡಿಯ ಕಡೆಯ ಒಂದು ಗದ್ದೆ ಮನೆತನದಲ್ಲಿ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಬೀಗರೂ ಹೆಚ್ಚು ಜಗ್ಗಾಡಲಿಲ್ಲ. ಮದುವೆಯ ಬಟ್ಟೆ ಕೊಳ್ಳಲು, ಅಂದರೆ ಜವಳಿಗೆ, ಎರಡೂ ಕಡೆಯವರು ದಾವಣಗೆರೆಗೆ ಹೋದೆವು. ನಮ್ಮ ಕಡೆಯಲ್ಲಿ ಜವಳಿ ಎಂದರೆ ದಾವಣಗೆರೆಯೇ. ಅಕ್ಕನ ಜೊತೆ ಹೆಣ್ಣಿನ ಕಡೆಯಿಂದ ನಾನೊಬ್ಬಳೇ ಹೆಂಗಸು, ಬೀಗರ ಕಡೆಯಿಂದ ಮಾತ್ರ ಒಂದು ದಂಡು.

ಬೀಗರು ಕರೆದುಕೊಂಡು ಹೋದದ್ದು ಹಳೆಯ ಅಂಗಡಿಗೆ. ನೆಲದ ಮೇಲೆ ಉದ್ದಕ್ಕೆ ಗಾದಿ, ಅದರ ಮೇಲೆ ವಿಭೂತಿ ಹಚ್ಚಿದ ಸಾಹುಕಾರರು, ಅವರ ಮುಂದೆ ಹಿತ್ತಾಳೆ ತಟ್ಟೆ. ಆ ಅಂಗಡಿಗೆ ತನ್ನದೇ ಒಂದು ಪದ್ಧತಿ ಇತ್ತು. ರೊಕ್ಕ ಎಣಿಸಿ ಕೊಟ್ಟು ಬಟ್ಟೆ ಒಯ್ಯುವವರಿಗೆ ಗಂಟು ಕಟ್ಟಿ ಕೈಗೆ ಕೊಡುತ್ತಿದ್ದರು, ಮುಗಿಯಿತು. ಜವಳಿಯನ್ನು ಉದ್ರಿ ಒಯ್ಯುವ ಮನೆಯವರಿಗೆ ಮಾತ್ರ ಸಾಹುಕಾರರೇ ಎದ್ದು ನಿಂತು, ಆ ಮನೆಯ ಹಿರಿಯ ಮುತ್ತೈದೆಯ ಸೆರಗಿಗೆ ಉಡಿ ತುಂಬುತ್ತಿದ್ದರು: ಒಂದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆಅಡಿಕೆ, ಅರಿಶಿನ ಕೊಂಬು, ಅದರ ಮೇಲೆ ಧಾರೆ ಸೀರೆ. ಯಾವ ಮನೆಯವಳು ಉಡಿ ಒಡ್ಡಿದಳೋ ಆ ಮನೆಗೆ ಖಾತೆ. ಸಹಿ ಇಲ್ಲ, ಸಾಕ್ಷಿ ಇಲ್ಲ. ಲಕ್ಷ್ಮಿಯ ಹತ್ತಿರ ಯಾರಾದರೂ ಸಹಿ ಕೇಳುತ್ತಾರೆಯೇ ಎಂಬುದು ಅವರ ಮಾತು. ಈ ಖಾತೆಯ ಸಂಗತಿ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಬಟ್ಟೆ ಆರಿಸಿದ್ದಾಯಿತು. ಸಾಹುಕಾರರು ತಟ್ಟೆ ಹಿಡಿದು ಎದ್ದು, ಹೆಣ್ಣಿನ ಕಡೆಯವರು ಬರ್ರಿ ಎಂದರು. ನಾನು ಹಿಂದೆ ತಿರುಗಿ ನೋಡಿದರೆ ಅಕ್ಕ ಇಲ್ಲ. ಬಾಗಿಲ ಹತ್ತಿರ, ಎಲ್ಲರೂ ಬಿಟ್ಟ ಚಪ್ಪಲಿಗಳ ಪಕ್ಕ ನಿಂತಿದ್ದಳು, ಚಪ್ಪಲಿ ಕಾಯುವವಳ ಹಾಗೆ. ನಾನು ಕಣ್ಣಿನಲ್ಲೇ ಕರೆದೆ. ಅವಳು ಬಂದು ನನ್ನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ನೂಕಿ, ಮೆಲ್ಲಗೆ ಹೇಳಿದಳು.

"ನೀನೇ ಒಡ್ಡು ತಂಗಿ. ನಿಂಗೂ ಒಳ್ಳೇದಾಗ್ಲಿ."

ಬೀಗರ ಕಡೆಯ ಹೆಂಗಸರೂ ತಲೆಯಾಡಿಸಿದರು. ನಾನು ಸೆರಗು ಒಡ್ಡಿದೆ. ಮಗುವಿಲ್ಲದವಳ ಉಡಿಗೆ ಅಷ್ಟೊಂದು ಬಿದ್ದಾಗ ನನ್ನ ಕಣ್ಣು ತುಂಬಿಬಂದದ್ದು ನಿಜ, ಅದನ್ನು ಮುಚ್ಚಿಡುವುದೇಕೆ? ಅಕ್ಕ ಸೊಂಟದ ಚೀಲದಿಂದ ತೆಗೆದ ಮುಂಗಡದ ಹಣ ನನ್ನ ಕೈಗೆ ಬಂತು, ನನ್ನ ಕೈಯಿಂದ ಸಾಹುಕಾರರ ಕೈಗೆ ಹೋಯಿತು. ಉಳಿದದ್ದಕ್ಕೆ ಸುಗ್ಗಿ ಕಳೆದ ಮೇಲೆ ನಮ್ಮ ಮನುಷ್ಯನೇ ಮನೆಗೆ ಬರುತ್ತಾನೆ ಎಂದರು. ಗುಮಾಸ್ತರು ಮನೆ ಎಲ್ಲಿ ಎಂದು ನನ್ನನ್ನು ಕೇಳಿದರು, ಹೇಳಿದೆ. ಅವರು ಕೇಳಿದ್ದು ಬರುವ ಮನುಷ್ಯನಿಗೆ ದಾರಿ ಗೊತ್ತಾಗಲೆಂದು ಎಂದುಕೊಂಡೆ. ನಮ್ಮ ಬಾಗಿಲಿಗೂ ಅಕ್ಕನ ಬಾಗಿಲಿಗೂ ಇದ್ದ ಅಂತರ ಒಂದು ತುಳಸಿಕಟ್ಟೆಯಷ್ಟು.

ಮದುವೆ ಚೆನ್ನಾಗಿ ಆಯಿತು. ಮಳೆಗಾಲ ಕಳೆಯಿತು, ಭತ್ತ ಮನೆಗೆ ಬಂತು, ಅಕ್ಕನ ಮಗಳು ಚೊಚ್ಚಲ ಬಾಣಂತನಕ್ಕೆ ತುಂಬು ಬಸುರಿಯಾಗಿ ತವರಿಗೆ ಬಂದಳು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಒಬ್ಬ ವಯಸ್ಸಾದ ಸಾಬರು ಬಂದರು. ಬಿಳಿ ಗಡ್ಡ, ಬಿಳಿ ಟೋಪಿ, ಬಗಲಲ್ಲಿ ಕೊಡೆ. ಜವಳಿ ಅಂಗಡಿಯ ವಸೂಲಿಯವರೆಂದು ಹೇಳಿಕೊಂಡು, ಕಟ್ಟೆಯ ತುದಿಯಲ್ಲಿ ಕೂತು, ನೀರು ಕೇಳಿ ಕುಡಿದು, ನಿಧಾನಕ್ಕೆ ವಿಷಯಕ್ಕೆ ಬಂದರು. ನಮ್ಮ ಮನೆಯ ಜವಳಿ ಬಾಕಿ ಕೊಡಬೇಕಂತೆ.

ನಾನು ನಮ್ಮದು ಯಾವ ಜವಳಿಯೂ ಇಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿ, ತಾನು ಆ ದಿನ ಅಂಗಡಿಯಲ್ಲಿದ್ದುದಾಗಿಯೂ, ಧಾರೆ ಸೀರೆಯ ಮಡಿಕೆ ಬಿಚ್ಚಿ ತೋರಿಸಿದ್ದು ತಾನೇ ಎಂದೂ ನೆನಪಿಸಿದರು.

"ಉಡಿ ಒಡ್ಡಿದೋರು ನೀವೇ ಅಲ್ಲೇನು ಬೇಟಿ? ನಮ್ಮ ಅಂಗಡ್ಯಾಗೆ ಉಡಿ ಯಾರದೋ ಖಾತೆ ಅವರದು."

ಆಗ ನನಗೆ ಎಲ್ಲ ತಿಳಿಯಿತು. ಪಕ್ಕದ ಮನೆಯವರ ಬಾಕಿ ಅದು, ಅಲ್ಲಿ ಕೇಳ್ರಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ನನ್ನ ಕೈ ಹಿಡಿದೆಳೆದುಕೊಂಡು ಅಡುಗೆಮನೆಗೆ ಒಯ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ತುಂಬಿದ ಉಡೀನ ನಂದಲ್ಲ ಅಂತ ಅನಬ್ಯಾಡ. ನಿಂಗೆ ಕೈ ಮುಗೀತೀನಿ."

ಅತ್ತೆಗೆ ನನ್ನ ಮೇಲೆ ಸಿಟ್ಟು ಬರುವುದು ಗೊತ್ತಿತ್ತು, ಕೈ ಮುಗಿಯುವುದು ಗೊತ್ತಿರಲಿಲ್ಲ. ನಿಟ್ಟುಸಿರಿನ ಒಳಗೆ ಇಷ್ಟು ಭಯ ಇಟ್ಟುಕೊಂಡಿದ್ದಾರೆಂದು ಆವತ್ತೇ ತಿಳಿದದ್ದು. ಜೊತೆಗೆ ಗೋಡೆಯಾಚೆ ಆ ಹುಡುಗಿ ದಿನ ತುಂಬಿ ಮಲಗಿದ್ದಳು, ನಂದಿಗುಡಿಯಿಂದ ಅವಳ ಅತ್ತೆ ಮಾವ ಬಸ್ಸು ಹತ್ತಿ ನೋಡಲು ಬಂದುಹೋಗುತ್ತಿದ್ದರು. ಅವರ ಎದುರಿಗೇ ಮದುವೆ ಸೀರೆಯ ಸಾಲ ಕೇಳುವವರು ಬಂದು ಕೂತರೆ ಆ ಹುಡುಗಿಗೆ ಜೀವಮಾನದ ಮಾತಾಗುತ್ತದೆ. ಹೆರಿಗೆ ಆಗಿಹೋಗಲಿ, ಆಮೇಲೆ ಅಕ್ಕನಿಗೆ ನಾನೇ ಹೇಳುತ್ತೇನೆ ಎಂದುಕೊಂಡೆ. ಹೊರಗೆ ಬಂದು ಸಾಬರಿಗೆ, ಇದು ನಾವು ಕೊಡಬೇಕಾದ್ದಲ್ಲ, ಆದರೆ ಇವತ್ತು ಏನೂ ಕೇಳಬೇಡಿ, ಸ್ವಲ್ಪ ದಿನ ಬಿಟ್ಟು ಬನ್ನಿ ಎಂದೆ. ಇಂಥ ಉತ್ತರವನ್ನು ಅವರು ತಮ್ಮ ಸರ್ವೀಸಿನಲ್ಲೇ ಕೇಳಿರಲಿಲ್ಲವೆಂದು ಕಾಣುತ್ತದೆ. ಗಡ್ಡ ಸವರಿಕೊಳ್ಳುತ್ತ ಎದ್ದುಹೋದರು.

ಯಜಮಾನರು ಸಂಜೆ ಬಂದು ಕೇಳಿ ಕೆಂಡವಾದರು. ವಾರದ ರಜೆಯ ದಿನ ಇಸ್ತ್ರಿ ಅಂಗಿ ತೊಟ್ಟು, ಸಾಹುಕಾರರ ಗ್ರಹಚಾರ ಬಿಡಿಸಿ ಬರುತ್ತೇನೆಂದು ದಾವಣಗೆರೆಗೆ ಹೋದರು. ಹೋದವರು ಸಂಜೆ ತಣ್ಣಗೆ ಮರಳಿದರು. ಸಾಹುಕಾರರು ಗಾದಿಯ ಮೇಲೆ ಕೂರಿಸಿ, ಮಂಡಕ್ಕಿ ಮೆಣಸಿನಕಾಯಿ ತರಿಸಿ, ಚಹಾ ಕುಡಿಸಿ, ಒಂದೇ ಒಂದು ಪ್ರಶ್ನೆ ಕೇಳಿದರಂತೆ: ನಿಮ್ಮ ಮನೆಯವರು ಉಡಿ ಒಡ್ಡಿದ್ದು ಹೌದೋ ಅಲ್ಲವೋ? ಇವರು ಹೌದು ಎಂದರಂತೆ. ಅಪ್ಪನ ಕಾಲದಿಂದ ಅಂಗಡಿ ನಡೆಸುತ್ತಿದ್ದೇವೆ, ಈ ಉಡಿ ನಂದಲ್ಲ ಎಂದವರು ಒಬ್ಬರೂ ಬಂದಿಲ್ಲ ಎಂದು ಅವರು ನೊಂದುಕೊಂಡರಂತೆ. ಬೈದಿದ್ದರೆ ಬೈಯಬಹುದಿತ್ತು, ಅಷ್ಟು ಮರ್ಯಾದೆ ಮಾಡಿದವರನ್ನು ಹೆಂಗೆ ಬೈಯೋದು ಎಂದು ಯಜಮಾನರು ನನ್ನ ಮೇಲೇ ರೇಗಿದರು. ಬಟ್ಟೆ ತೊಟ್ಟವರು ಯಾರೋ, ಚಹಾ ಕುಡಿದು ಬಂದವರು ನೀವು ಎಂದು ನಾನೂ ರೇಗಿದೆ. ರೇಗಿದ್ದೆಲ್ಲ ಪಿಸುಮಾತಿನಲ್ಲಿ, ಗೋಡೆಯಾಚೆ ಕೇಳಬಾರದಲ್ಲ. ಪಿಸುಮಾತಿನಲ್ಲಿ ಜಗಳವಾಡುವ ಕಷ್ಟ ಆಡಿದವರಿಗೇ ಗೊತ್ತು.

ಸಾಬರು ಮತ್ತೆ ಬಂದರು, ಮತ್ತೆ ಬಂದರು. ನಾನು ಅಲ್ಲ ಎನ್ನುವುದು, ಅವರು ಗಡ್ಡ ಸವರಿಕೊಳ್ಳುವುದು. ಎಂದೂ ದನಿ ಎತ್ತಲಿಲ್ಲ. ಅಕ್ಕ ಏನಾದರೂ ಕೇಳಿಬಿಟ್ಟಾಳೆಂದು ನನಗೆ ಭಯ. ಆದರೆ ಒಂದು ವಿಚಿತ್ರ ನೋಡಿದೆ: ಸಾಬರು ಕಟ್ಟೆಯ ಮೇಲೆ ಕೂತಾಗ ಅಕ್ಕ ಹೊರಗೆ ಬಂದರೆ, ಒಮ್ಮೆ ನೋಡಿ, ಮುಖ ತಿರುಗಿಸಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಸಾಬರು ಹೋದ ಸ್ವಲ್ಪ ಹೊತ್ತಿಗೆ ಅವಳ ಮನೆಯಿಂದ ಬಿಸಿ ರೊಟ್ಟಿಯ ಬುಟ್ಟಿ ಬರುತ್ತಿತ್ತು, ಜೊತೆಗೆ ಒಂದು ಬಟ್ಟಲು ಎಣ್ಣೆಗಾಯಿ. ಬಾಣಂತನದ ಮನೆ, ಹೆಚ್ಚಿಗೆ ಮಾಡಿರಬೇಕು ಎಂದುಕೊಂಡು ನಾವು ತಿಂದೆವು.

ಹೆರಿಗೆಯಾಯಿತು, ಗಂಡುಮಗು. ಇನ್ನು ಅಕ್ಕನಿಗೆ ಹೇಳಬೇಕು ಎಂದು ನಾನು ದಿನ ನೋಡುತ್ತಿದ್ದೆ. ಆದರೆ ಹೇಳುವುದು ಹೇಗೆ? ನೀನು ಚಪ್ಪಲಿ ಹತ್ತಿರ ನಿಂತಿದ್ದಕ್ಕೆ ನನ್ನ ತಲೆಗೆ ಬಂತು ಎನ್ನಲೇ? ಎಷ್ಟು ಮಾತು ತಿರುವಿ ನೋಡಿದರೂ ಕೊನೆಗೆ ಅದೇ ಬರುತ್ತಿತ್ತು. ಹಾಗಾಗಿ ಬಾಯಿಗೆ ಬಂದದ್ದನ್ನು ನುಂಗುತ್ತಾ ಇದ್ದೆ.

ಅತ್ತ ಸಾಹುಕಾರರು ನಿಜಲಿಂಗಪ್ಪ ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸಲು ಹಿಡಿದಿದ್ದರು. ಕಟ್ಟಡಕ್ಕೆ ರೊಕ್ಕ ಬೇಕು, ವಸೂಲಿ ಬಿಗಿಯಾಗಬೇಕು. ಸಾಬರ ಕೈಯಲ್ಲಿ ಇದು ಆಗುವುದಲ್ಲವೆಂದು ಸಾಹುಕಾರರ ಅಳಿಯನೊಬ್ಬ ತಾನೇ ಹೊರಟ. ಒಂದು ದಿನ ಮಟಮಟ ಮಧ್ಯಾಹ್ನ ಆತ, ಜೊತೆಗೊಬ್ಬ ದಾಂಡಿಗ, ಮೋಟಾರ್ ಸೈಕಲ್ಲಿನ ಮೇಲೆ ಬಂದರು. ನೀರು ಕೇಳಲಿಲ್ಲ, ಕಟ್ಟೆಯ ಮೇಲೆ ಕೂರಲಿಲ್ಲ. ಬೀದಿಯಲ್ಲಿ ನಿಂತೇ, ಹೊಸ ಬಟ್ಟೆ ಉಟ್ಟು ಮೆರೆಯುವುದು ಗೊತ್ತು ರೊಕ್ಕ ಕೊಡುವುದು ಗೊತ್ತಿಲ್ಲ ಎಂದು ಶುರುಮಾಡಿದರು. ಓಣಿಯ ಬಾಗಿಲುಗಳೆಲ್ಲ ತೆರೆದವು. ಅಕ್ಕ ಆ ಹೊತ್ತು ಬಾಣಂತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು, ಅದೊಂದು ಪುಣ್ಯ. ನಾನು ಸುಮ್ಮನಿರುವವಳಲ್ಲ, ಅಳಿಯನಿಗೆ ಅವನ ತಾಯಿ ಕಲಿಸದ ಮರ್ಯಾದೆಯನ್ನು ಅಲ್ಲೇ ಒಂದಿಷ್ಟು ಕಲಿಸಿದೆ. ಅವನೂ ಬಿಡಲಿಲ್ಲ. ಪಾಳಿ ಮುಗಿಸಿ ಬಂದು ಮಲಗಿದ್ದ ಯಜಮಾನರು ಎದ್ದು ಹೊರಗೆ ಬರುವಷ್ಟರಲ್ಲಿ ಆ ದಾಂಡಿಗ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ಹತ್ತಿ ಹೊರಟೇಬಿಟ್ಟಿದ್ದ. ರೊಕ್ಕ ತಂದು ಬಿಡಿಸಿಕೊಳ್ಳಿ ಎಂದು ಅಳಿಯ ಗಾಡಿ ಒದ್ದ.

ಮರುದಿನದಿಂದ ಯಜಮಾನರು ಗುತ್ತೂರಿನವರೆಗೆ ನಡೆದು ಹೋದರು. ಪಾಳಿ ಮುಗಿಸಿ ನಡೆದು ಬಂದರು. ಕಾಲಿಗೆ ಬಿಸಿನೀರು ಹಾಕುವಾಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದಕ್ಕೇ ನನಗೆ ಇನ್ನೂ ಸಂಕಟ. ಅತ್ತೆ ತಮ್ಮ ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಮುಂದಿಟ್ಟು, ಕೊಟ್ಟು ಮುಗಿಸಿಬಿಡಿ ಎಂದರು. ಸಾಬರು ಸುದ್ದಿ ಕೇಳಿ ತಾವಾಗಿ ಬಂದರು. ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ, ಇಷ್ಟು ವರ್ಷದಲ್ಲಿ ಯಾರ ಮನೆಯ ಸಾಮಾನಿಗೂ ಕೈ ಹಚ್ಚಿದವನಲ್ಲ ನಾನು ಎಂದಷ್ಟೇ ಹೇಳಿ ಹೋದರು. ಬೆಂಡೋಲೆಯನ್ನು ನಾನು ಮುಟ್ಟಲಿಲ್ಲ. ನಾವು ಮಾಡದ ಸಾಲಕ್ಕೆ ಅತ್ತೆಯ ಕಿವಿ ಬೋಳಾಗುವುದನ್ನು ನೋಡಲು ನಾನು ತಯಾರಿರಲಿಲ್ಲ. ನಾಳೆ ಅಕ್ಕನಿಗೆ ಹೇಳಿಯೇ ತೀರುತ್ತೇನೆ ಎಂದುಕೊಂಡೆ.

ನಾನು ಹೋಗುವ ಮೊದಲೇ ಅಕ್ಕ ಬಂದಳು. ಯಜಮಾನರು ನಡೆದುಹೋಗುವುದನ್ನು ನೋಡಿದ್ದಳು, ಸಾಲಕ್ಕೆ ಸೈಕಲ್ಲು ಒಯ್ದದ್ದನ್ನು ಓಣಿಯವರು ಹೇಳಿದ್ದರು. ಬಂದವಳೇ ಕದ ಹಾಕಿ, ನನ್ನ ಎದುರಿಗೆ ಕೂತು, ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದಳು. ಜೋಳದ ಹಿಟ್ಟು ಮೆತ್ತಿದ ಡಬ್ಬಿ. ಒಳಗೆ ನೋಟು, ಚಿಲ್ಲರೆ.

"ಎಷ್ಟು ದಿನದಿಂದ ನೋಡಾಕ್ಹತ್ತೀನಿ, ಯಾರೋ ಸಾಬ್ರು ನಿಮ್ಮನೆಗೆ ಬರೋದು. ಇನ್ನೊಬ್ರ ಮನೆ ಸಾಲ ನೋಡಬಾರ್ದು ಅಂತ ನಾನು ಮುಖ ತಿರುಗಿಸ್ಕೊಂಡು ಒಳಗೆ ಹೋಗ್ತಿದ್ದೆ. ಕಷ್ಟ ಐತೇನೋ ಅಂತ ರೊಟ್ಟಿ ಕಳಿಸ್ತಿದ್ದೆ. ಇದನ್ನ ತಗೋ, ಮೊದ್ಲು ಸೈಕಲ್ಲು ಬಿಡಿಸ್ಕೋ."

ಯಾವ ದುಡ್ಡಕ್ಕ ಇದು ಎಂದು ಕೇಳಿದೆ.

"ಜವಳಿಯೋರಿಗೆ ಅಂತ ಇಟ್ಟಿದ್ದು. ಸುಗ್ಗಿ ಆದ್ಮ್ಯಾಲೆ ಬರ್ತೀವಿ ಅಂದಿದ್ರಲ್ಲ, ಪುಣ್ಯಾತ್ಮರು ಇನ್ನೂ ಬಂದಿಲ್ಲ. ಅವರು ಬಂದಾಗ ನೋಡಿದ್ರಾತು."

ನಾನು ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೆ ಬಂತು. ಎಷ್ಟೋ ದಿನದಿಂದ ನಾವು ಅವಳ ಮಾನ ಉಳಿಸುತ್ತಿದ್ದೇವೆಂದು ನಾನು ತಿಳಿದಿದ್ದರೆ, ಅವಳು ನಮ್ಮ ಮಾನ ಉಳಿಸುತ್ತಿದ್ದಳು. ನಡುವೆ ಆ ಬಡಪಾಯಿ ಸಾಬರು ಹರಿಹರಕ್ಕೂ ದಾವಣಗೆರೆಗೂ ಬಸ್ಸಿಗೆ ದುಡ್ಡು ಸುರಿದಿದ್ದರು. ನಾನು ಎಲ್ಲವನ್ನೂ ಹೇಳಿದೆ. ಚಪ್ಪಲಿಯ ಮಾತೊಂದನ್ನು ಬಿಟ್ಟು ಹೇಳಬೇಕೆಂದುಕೊಂಡಿದ್ದೆ, ಆದರೆ ಅದನ್ನು ಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ. ಹೇಳಿದೆ. ಅಕ್ಕನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಣ್ಣವೇ ಇಲ್ಲದಂತಾಯಿತು. ಬಹಳ ಹೊತ್ತು ಡಬ್ಬಿಯ ಮೇಲಿನ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತಳು. ಆಮೇಲೆ ಎದ್ದು, ನಾಳೆ ದಾವಣಗೆರೆಗೆ ಹೋಗೋಣ, ಸಿದ್ಧವಾಗಿರು ಎಂದು ಹೋದಳು.

ಅಂಗಡಿಯಲ್ಲಿ ಆವತ್ತು ಗಿರಾಕಿ ತುಂಬಿದ್ದರು. ಅಕ್ಕ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟವಳು ಅಲ್ಲಿ ನಿಲ್ಲದೆ ನೇರ ಗಾದಿಯ ತನಕ ನಡೆದಳು. ಮದುಮಗಳ ತಾಯಿ ನಾನು, ಬಾಕಿ ನನ್ನದು, ಇವಳದಲ್ಲ ಎಂದು ಹೇಳಿ ಡಬ್ಬಿಯನ್ನು ಸಾಹುಕಾರರ ಮುಂದೆ ಬೋರಲು ಹಾಕಿದಳು. ಗುಮಾಸ್ತರು ಎಣಿಸಿದರು. ಅರ್ಧಕ್ಕಿಂತ ಹೆಚ್ಚು ತೀರಿತು, ಪೂರ್ತಿ ಅಲ್ಲ. ಸಾಹುಕಾರರಿಗೆ ನಾಚಿಕೆಯಾಗಿತ್ತೆಂದು ಕಾಣುತ್ತದೆ. ಅಳಿಯನನ್ನು ಕೂಗಿ ಸೈಕಲ್ಲು ಹೊರಗೆ ತರಿಸಿದರು. ಉಳಿದದ್ದನ್ನು ನಿಧಾನಕ್ಕೆ ಕೊಡಿ, ಖಾತೆ ಯಾರ ಹೆಸರಿಗಿದ್ದರೇನು ಎಂದರು.

ಅಕ್ಕ ಒಪ್ಪಲಿಲ್ಲ. ಇವತ್ತು ಯಾರ ಹೆಸರಿಗಿದ್ದರೇನು ಎನ್ನುತ್ತೀರಿ, ನಾಳೆ ಮತ್ತೆ ಇವಳ ಬಾಗಿಲಿಗೇ ಬರುತ್ತೀರಿ, ನನ್ನ ಮನೆಗೆ ಹಾಕಿ ಎಂದಳು. ಸಾಹುಕಾರರು ಕಸಿವಿಸಿಗೊಂಡರು. ಉಡಿ ತುಂಬದೆ ಖಾತೆ ತೆಗೆಯುವ ಪದ್ಧತಿ ಅಂಗಡಿಯಲ್ಲಿ ಇಲ್ಲ, ತಂದೆಯವರ ಕಾಲದಿಂದ ಇಲ್ಲ ಎಂದರು. ಹಾಗಾದರೆ ತುಂಬಿ ಎಂದಳು ಅಕ್ಕ.

ಬಟ್ಟೆ ಬಿಚ್ಚುವ ಸದ್ದು, ಚೌಕಾಸಿಯ ಸದ್ದು ಎಲ್ಲ ನಿಂತಿತು. ಸಾಹುಕಾರರು ಅವಳ ಹಣೆ ನೋಡಿದರು, ತಟ್ಟೆ ನೋಡಿದರು, ಕೂತ ಗಿರಾಕಿಗಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಜವಳಿಗೆ ಬಂದ ನಾಲ್ಕು ಮನೆಯವರ ಎದುರು ಇದನ್ನು ಹೇಗೆ ಮಾಡಲಿ ಎಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ಅಕ್ಕ ದನಿ ಎತ್ತಲಿಲ್ಲ. ಗಿರಣಿಯವನನ್ನು ಜಾಡಿಸುವ ಅಕ್ಕ ಅಂಥ ಮೆಲುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಸಾಲ ಹೊರಾಕೆ ನನ್ನ ಉಡಿ ಆಗ್ತೈತೆ ಅಂದ್ರೆ, ತುಂಬಾಕೂ ಆಗಬೇಕಲ್ರಿ ಸಾವ್ಕಾರ್ರೇ."

ಮೂಲೆಯಲ್ಲಿ ಬಟ್ಟೆಯ ಥಾನು ಸುತ್ತುತ್ತಿದ್ದ ಸಾಬರು ಎದ್ದು ಬಂದರು. ಒಂದು ಜಂಪರಿನ ಕಣ, ಅಂದರೆ ರವಿಕೆ ಬಟ್ಟೆ, ಆರಿಸಿದರು, ತಿಳಿ ಹಸಿರು. ಖಾತೆ ತೆಗೆಯಲು ಏನಾದರೂ ಒಯ್ಯಬೇಕಲ್ಲ. ಅದನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಸಾಹುಕಾರರ ಮುಂದೆ ಹಿಡಿದು ನಿಂತರು. ಸಾಹುಕಾರರು ಎದ್ದರು. ಅಕ್ಕ ಸೆರಗು ಒಡ್ಡಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಎಲೆಅಡಿಕೆ, ಅರಿಶಿನ ಕೊಂಬು, ಕಣ. ಸಾಹುಕಾರರ ಕೈ ರೂಢಿಯಂತೆ ಕುಂಕುಮದ ಭರಣಿಯ ಕಡೆ ಹೋಗಿ ಅಲ್ಲೇ ನಿಂತಿತು.

"ಅದು ಬ್ಯಾಡ್ರಿ, ಅದನ್ನ ಕೇಳಾಕೆ ನಾನು ಬಂದಿಲ್ಲ," ಎಂದಳು ಅಕ್ಕ. ಗುಮಾಸ್ತರು ಮನೆ ಎಲ್ಲಿ ಎಂದು ಕೇಳಿದರು. ಅವಳು ಓಣಿಯ ಗುರುತು ಹೇಳಿ, ಇವರ ಬಾಗಿಲಲ್ಲ, ತುಳಸಿಕಟ್ಟೆ ದಾಟಿ ಆಚೆ ಬಾಗಿಲು ಎಂದು ಬಿಡಿಸಿ ಬಿಡಿಸಿ ಬರೆಸಿದಳು.

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದೆವು. ದಾರಿಯಲ್ಲಿ ನಾನು ಕೈಚೀಲ ತೆರೆದು, ಅದರಲ್ಲಿ ಹಾಕಕ್ಕ, ಬಸ್ಸಿನ ಕುಲುಕಾಟಕ್ಕೆ ಅಕ್ಕಿ ಚೆಲ್ಲುತ್ತದೆ ಎಂದೆ. ಇರಲಿ ಬಿಡು ಎಂದಳು. ಹರಿಹರದವರೆಗೂ ಎರಡು ಕೈಯಿಂದ ಉಡಿಯನ್ನು ಅವುಚಿಕೊಂಡೇ ಕೂತಿದ್ದಳು. ಗಂಡ ಸತ್ತ ಮೇಲೆ ಅವಳ ಸೆರಗಿಗೆ ಯಾರೂ ಏನೂ ಹಾಕಿರಲಿಲ್ಲ. ನನಗೆ ಅವಳ ಕಡೆ ನೋಡಲಾಗಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಕೂತೆ. ಮನೆಗೆ ಬಂದಾಗ ಅತ್ತೆಗೆ ನಡೆದದ್ದನ್ನೆಲ್ಲ ಹೇಳಿ, ನನ್ನ ಉಡಿಯನ್ನು ನಾನು ನನ್ನದಲ್ಲ ಅನ್ನಲಿಲ್ಲ ಎಂದು ಸಮಾಧಾನ ಮಾಡಿದೆ. ಮಕ್ಕಳು ನನಗೆ ಆಮೇಲೆ ಆದವು, ತಮ್ಮ ಪಾಡಿಗೆ ತಾವು, ಯಾವ ಸಾಹುಕಾರರ ಅಪ್ಪಣೆಯನ್ನೂ ಕಾಯದೆ.

ಅಲ್ಲಿಂದ ಮುಂದೆ ಸಾಬರು ಅಕ್ಕನ ಬಾಗಿಲಿಗೆ ಬರತೊಡಗಿದರು. ಸಾಲ ಕೇಳುವವರು ಬಂದರೆ ಓಣಿಯಲ್ಲಿ ಎಲ್ಲರೂ ಕದ ಮುಂದೆ ಮಾಡಿಕೊಳ್ಳುತ್ತಿದ್ದರು. ಅಕ್ಕ ಕದ ಪೂರ್ತಿ ತೆರೆಯುತ್ತಿದ್ದಳು. ಕಟ್ಟೆಯ ಮೇಲೆ ಚಾಪೆ ಹಾಸಿ, ಕೂಡ್ರಿ ಸಾಬ್ರೆ ಎಂದು ಗಟ್ಟಿಯಾಗಿ ಕೂರಿಸಿ, ಇಡೀ ಓಣಿಗೆ ಕೇಳುವಂತೆ ನನ್ನನ್ನು ಕೂಗುತ್ತಿದ್ದಳು: ಸಾಬರು ಬಂದಿದ್ದಾರೆ, ನನ್ನ ಬಾಕಿ ಕೇಳಲು ಬಂದಿದ್ದಾರೆ, ಒಂದಿಷ್ಟು ಸಕ್ಕರೆ ಕೊಡು ಚಹಾಕ್ಕೆ! ಯಜಮಾನರು ಒಳಗೆ ಕೂತು ನಗುತ್ತಿದ್ದರು. ಇಷ್ಟು ಠೀವಿಯಿಂದ ಸಾಲ ತೀರಿಸುವವರನ್ನು ಸಾಬರೂ ನೋಡಿರಲಿಕ್ಕಿಲ್ಲ.

ರೊಟ್ಟಿಯ ದುಡ್ಡಿನಲ್ಲಿ ಬಾಕಿ ಸ್ವಲ್ಪ ಸ್ವಲ್ಪವಾಗಿ ತೀರಿತು. ಇನ್ನು ನಾನು ಬರುವುದಿಲ್ಲ ಬೇಟಿ, ಲೆಕ್ಕ ಚುಕ್ತಾ ಎಂದು ಸಾಬರು ಹೇಳಿ ಹೋದ ದಿನ ಅಕ್ಕ ಸಪ್ಪಗಿದ್ದಳು. ಸಾಲ ತೀರಿದವರು ಹೀಗಿರುತ್ತಾರೆಯೇ ಎಂದು ನಾನು ಕೀಟಲೆ ಮಾಡಿದೆ, ಅವಳು ನಗಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಮೊಮ್ಮಗನ ಹುಟ್ಟುಗೂದಲು ತೆಗೆಸುವ ಜವಳ ಬಂತು. ಮಗಳಿಗೆ ಸೀರೆ, ಅಳಿಯನಿಗೆ ಪಂಚೆ, ಕೂಸಿಗೆ ಅಂಗಿ ತರಬೇಕು. ಅಕ್ಕ ದಾವಣಗೆರೆಗೆ ಹೊರಟು, ಬರುತ್ತೀಯಾ ಎಂದು ನನ್ನನ್ನು ಕೇಳಿದಳು. ಈ ಸಲ ಅವಳ ಕೈಯಲ್ಲಿ ಬೇಕಾದಷ್ಟು ರೊಕ್ಕ ಇತ್ತು. ನನ್ನ ಮುಂದೆಯೇ ಎಣಿಸಿದ್ದಳು. ಆದರೆ ಬಸ್ಸಿನ ದುಡ್ಡನ್ನಷ್ಟೇ ಸೊಂಟದ ಚೀಲಕ್ಕೆ ಹಾಕಿಕೊಂಡು, ಉಳಿದದ್ದನ್ನು ಮತ್ತೆ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಉದ್ರಿ ತರುತ್ತಾಳಂತೆ. ರೊಕ್ಕ ಇಟ್ಟುಕೊಂಡು ಯಾಕಕ್ಕ ಉದ್ರಿ, ಮತ್ತೆ ಸಾಲ ಕೇಳುವವರು ಬರಲೆಂದೇ ಎಂದು ನಾನು ಬೈದೆ.

ಅಕ್ಕ ಪೆಟ್ಟಿಗೆಯಿಂದ ತೆಗೆದ ಒಳ್ಳೆಯ ಸೀರೆಯ ಸೆರಗನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡಳು.

"ರೊಕ್ಕ ಕೊಟ್ರೆ ಗಂಟು ಕೈಗೆ ಕೊಡ್ತಾರೆ ತಂಗಿ. ಉದ್ರಿ ಅಂದ್ರೆ ಉಡಿ ತುಂಬ್ತಾರೆ."